ಲಾಗಿನಲ್ಲಿದ್ದ ಹೆಸರು

ಯಶೋಧರಾ ಓದುತ್ತಿರಲಿಲ್ಲ, ಅಕ್ಷರ ನೋಡುತ್ತಿದ್ದಳು. ಎರಡೂ ಒಂದೇ ಅಲ್ಲವೇನ್ರೀ ಎಂದು ಕೇಳುವವರು ಪತ್ರಿಕೆಯ ಆಫೀಸಿನಲ್ಲಿ ಒಂದು ವಾರ ಕೂತು ಪುಟ ಕಟ್ಟಿ ನೋಡಬೇಕು. ಹದಿಮೂರು ವರ್ಷ ಅದೇ ಕೆಲಸ ಮಾಡಿದವಳ ಕಣ್ಣಿಗೆ ಒತ್ತಕ್ಷರ ಕಿತ್ತುಹೋದದ್ದು, ದೀರ್ಘ ಹಾರಿಹೋದದ್ದು, ಸಾಲಿನ ಕೊನೆಯಲ್ಲಿ ಒಂಟಿ ಕೊಂಬು ನೇತಾಡುವುದು ಎಲ್ಲ ಮಾರು ದೂರದಿಂದಲೇ ಕಾಣುತ್ತಿತ್ತು. ಆ ಅಕ್ಷರಗಳು ಸೇರಿ ಏನು ಹೇಳುತ್ತಿವೆ ಎನ್ನುವುದು ಮಾತ್ರ ತಲೆಗೆ ಹೋಗುತ್ತಿರಲಿಲ್ಲ. ಹೋಗಲೂಬಾರದು. ಅಪಘಾತ, ನಿಧನ, ಅಡಿಕೆ ಧಾರಣೆ, ಮಂತ್ರಿಗಳ ಭಾಷಣ ಎಲ್ಲವನ್ನೂ ಓದುತ್ತ ಕೂತರೆ ಸಂಜೆಯೊಳಗೆ ಪುಟ ಕಟ್ಟುವವರು ಯಾರು?

ಆಫೀಸು ಶಿವಮೊಗ್ಗದ ಕೋಟೆ ರಸ್ತೆಯ ಒಂದು ಮಹಡಿಯ ಮೇಲೆ, ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಗಂಡ ಬಂಗಾರಪ್ಪ ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಗುತ್ತಿಗೆಯವರನ್ನೆಲ್ಲ ಮನೆಗೆ ಕಳಿಸಿ ಎರಡು ವರ್ಷವಾಗಿತ್ತು. ಮಗಳು ಅಮೂಲ್ಯ ಓಣಿಯಾಚೆಯ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಮೂರೂ ಜನರ ಅನ್ನ ಯಶೋಧರಾಳ ಸಂಬಳದಿಂದಲೇ ಬೇಯಬೇಕಿತ್ತು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಆಫೀಸಿಗೆ ಹೊಸ ಸಿಸ್ಟಮ್ಮು ಬಂತು. ಅಲ್ಲಿಯವರೆಗೆ ಊರೂರಿನ ವರದಿಗಾರರು ಬಸ್ಸಿನ ಕಂಡಕ್ಟರ್ ಕೈಲಿ ಕವರು ಕೊಟ್ಟು ಕಳಿಸುತ್ತಿದ್ದರು. ಈಗ ಭದ್ರಾವತಿಯವನು ಭದ್ರಾವತಿಯ ನೆಟ್ ಸೆಂಟರಿನಲ್ಲೇ ಕೂತು ಟೈಪ್ ಮಾಡಿ ಹಾಕಿದರೆ ಸಾಕು. ಇಲ್ಲಿ ಡೆಸ್ಕಿನವರು ತಿದ್ದಿ, ಪುಟಕ್ಕೂ ಇಂಟರ್ನೆಟ್ಟಿಗೂ ಎಳೆದುಕೊಳ್ಳಬಹುದು. ತಿದ್ದುವ ಮುಂಚಿನ ಹಳೆಯ ಆವೃತ್ತಿಗಳೂ ಒಳಗೆ ಹಾಗೇ ಉಳಿದಿರುತ್ತಿದ್ದವು. ಜೊತೆಗೆ ಲಾಗು ಎಂಬುದೊಂದು ಇತ್ತು. ಇದನ್ನೆಲ್ಲ ಕೂರಿಸಲು ಕಂಪನಿಯಿಂದ ಬಂದ ಜ್ಞಾನೇಶ್ ಎಂಬ ಇಂಜಿನಿಯರು ಅದರ ಬಗ್ಗೆ ಮಾಲೀಕರೂ ಸಂಪಾದಕರೂ ಆದ ಷಡಕ್ಷರಪ್ಪನವರಿಗೆ ಹೆಮ್ಮೆಯಿಂದ ಹೇಳಿದ್ದ.

"ಯಾರು ಯಾವ ಸುದ್ದಿ ತೆಗೆದ್ರು, ಎಷ್ಟು ಗಂಟೆಗೆ ಏನು ಅಳಿಸಿದ್ರು, ಎಲ್ಲಾ ಬರ್ಕೊಳ್ತಾ ಹೋಗುತ್ತೆ ಸಾರ್. ಅದನ್ನ ಅಳಿಸೋಕೆ ನನ್ನ ಕೈಲೂ ಆಗಲ್ಲ."

ಷಡಕ್ಷರಪ್ಪನವರಿಗೆ ಭಾರಿ ಖುಷಿಯಾಯಿತು. ಆದರೆ ಯಂತ್ರ ಎಷ್ಟೇ ಜಾಣ ಆದರೂ ನಮ್ಮ ಜನ ಅದಕ್ಕಿಂತ ಒಂದು ಕೈ ಮೇಲೆ. ಡೆಸ್ಕಿನ ಲಾಗಿನ್ನು ಯಾರ ಹೆಸರಲ್ಲಿ ಮಾಡಲಿ ಎಂದು ಜ್ಞಾನೇಶ್ ಕೇಳಿದ ಹೊತ್ತಿಗೆ ಕುರ್ಚಿಯ ಮೇಲೆ ಯಶೋಧರಾ ಕೂತಿದ್ದಳು, ಹಾಗಾಗಿ ಅವಳ ಹೆಸರು ಬಿತ್ತು. ಉಳಿದವರಿಗೂ ಒಂದೊಂದು ಮಾಡಿಕೊಡುತ್ತೇನೆಂದ; ಯಾರಿಗೂ ಬೇಡವಾಯಿತು. ಒಬ್ಬರು ಹೊರಬಿದ್ದು ಇನ್ನೊಬ್ಬರು ಒಳಹೋಗುವಷ್ಟರಲ್ಲಿ ಒಂದು ಟೀ ಕುಡಿದು ಬರಬಹುದಿತ್ತು, ಅಷ್ಟು ನಿಧಾನ. ಅದಕ್ಕೇ ಬೆಳಿಗ್ಗೆ ಅವಳು ಬಂದು ಅಂಗಡಿಯ ಬಾಗಿಲು ತೆಗೆದಂತೆ ತನ್ನ ಲಾಗಿನ್ನು ತೆಗೆದಿಟ್ಟರೆ, ಮೂರು ಕಂಪ್ಯೂಟರಿನಲ್ಲೂ ಇಡೀ ದಿನ ಎಲ್ಲರೂ ಅದರಲ್ಲೇ ಕೆಲಸ ಮಾಡುವರು. ಪಾಸ್‌ವರ್ಡು ಕೆಳಗಿನ ಟೀ ಅಂಗಡಿಯವನಿಗೂ ಗೊತ್ತಿತ್ತು. ಲಾಗಿನ ಪ್ರಕಾರ ಯಶೋಧರಾ ದಿನಕ್ಕೆ ಹದಿನಾರು ಗಂಟೆ ದುಡಿಯುತ್ತಿದ್ದಳು. ಭಾನುವಾರ ರಜೆ ಹಾಕಿ ಮನೆಯಲ್ಲಿ ಬಟ್ಟೆ ಒಗೆಯುತ್ತಿರುವಾಗಲೂ ಕ್ರಿಕೆಟ್ ಸುದ್ದಿ ತಿದ್ದುತ್ತಿದ್ದಳು. ತಮ್ಮದೇ ಲಾಗಿನ್ನು ಇಟ್ಟುಕೊಂಡಿದ್ದವರು ಹೊರಗಿನ ವರದಿಗಾರರು ಮಾತ್ರ, ಯಾಕೆಂದರೆ ಅವರು ದೂರದಲ್ಲಿ ಒಬ್ಬೊಬ್ಬರೇ ಕೂರುತ್ತಿದ್ದರು.

ಭದ್ರಾವತಿಯ ವರದಿಗಾರ ಶಿವಪ್ರಸಾದ್. ಮೂವತ್ತರ ಹುಡುಗ, ಕಾಲಂ ಲೆಕ್ಕದಲ್ಲಿ ಕಾಸು ಪಡೆದು ಬರೆಯುವವನು. ಡಿಸೆಂಬರ್ ಒಂದು, ಏಡ್ಸ್ ದಿನದ ಪುರವಣಿಗೆ ಒಂದು ಲೇಖನ ಮಾಡುತ್ತೇನೆಂದು ಆರು ತಿಂಗಳಿಂದ ಹುಲಿಗೆಮ್ಮ ಎಂಬ ಹೆಂಗಸಿನ ಹಿಂದೆ ಬಿದ್ದಿದ್ದ. ಹುಲಿಗೆಮ್ಮ ಓಲ್ಡ್ ಟೌನಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಲಾರಿ ಓಡಿಸುತ್ತಿದ್ದ ಗಂಡ ಸಾಯುವಾಗ ಆ ಕಾಯಿಲೆಯನ್ನು ಅವಳಿಗೆ ಬಿಟ್ಟು ಹೋಗಿದ್ದ. ಶಿವಮೊಗ್ಗದ ಆಸ್ಪತ್ರೆಯಿಂದ ಮಾತ್ರೆ ತಂದು, ಬೇಳೆ ಡಬ್ಬಿಯ ಹಿಂದೆ ಬಚ್ಚಿಟ್ಟು, ನುಂಗಿಕೊಂಡು, ಗಟ್ಟಿಮುಟ್ಟಾಗಿಯೇ ಇದ್ದಳು. ಕೊನೆಗೂ ಒಪ್ಪಿದಳು, ಒಂದೇ ಷರತ್ತಿನ ಮೇಲೆ.

"ಎಲ್ಲಾ ಹೇಳ್ತೀನಣ್ಣ. ಹೆಸರು ಮಾತ್ರ ಹಾಕ್ಬೇಡಿ. ಹೆಸರು ಬಿತ್ತು ಅಂದ್ರೆ ನಾನೂ ನನ್ನ ಮಗಳೂ ಬೀದಿಗೆ ಬಿದ್ವಿ ಅಂತಲೇ ಲೆಕ್ಕ."

ಶಿವಪ್ರಸಾದ್ ದೇವರ ಮೇಲೆ ಆಣೆಯಿಟ್ಟ. ಮೋಸದ ಆಣೆಯಲ್ಲ ಅದು. ನೆಟ್ ಸೆಂಟರಿನಲ್ಲಿ ಕೂತು ಬರೆಯುವಾಗ ಸುಳ್ಳು ಹೆಸರಿಟ್ಟರೆ ಕೈ ಓಡಲೇ ಇಲ್ಲ ಅವನಿಗೆ, ಅದಕ್ಕೆ ಹುಲಿಗೆಮ್ಮ ಎಂದೇ ಬರೆದುಕೊಂಡು ಹೋದ. ಕೊನೆಯಲ್ಲಿ ‘ಹೆಸರು ಬದಲಿಸಲಾಗಿದೆ’ ಎಂದು ಸಾಲು ಹಾಕಿದ. ಕರೆಂಟು ಹೋಗಿಬಂದು ಮಾಡುತ್ತಿತ್ತು, ಬರೆದದ್ದು ಹಾಳಾಗಬಾರದೆಂದು ಸಿಸ್ಟಮ್ಮಿಗೆ ಹಾಕಿಟ್ಟ. ಅಷ್ಟರಲ್ಲಿ ಕರೆಂಟು ಹೋಗಿಯೇ ಹೋಯಿತು. ಬಂದ ಮೇಲೆ ಆ ಕಂಪ್ಯೂಟರು ಏಳಲಿಲ್ಲ. ಪಕ್ಕದ್ದರಲ್ಲಿ ಕೂತು, ಹುಲಿಗೆಮ್ಮ ಇದ್ದಲ್ಲೆಲ್ಲ ಕಲ್ಲಮ್ಮ ಎಂದು ಮಾಡಿ, ಓಲ್ಡ್ ಟೌನಿನ ಶಾಲೆ ಎನ್ನುವುದನ್ನು ತೆಗೆದು ‘ಒಂದು ಕಡೆ ಅಡುಗೆ ಕೆಲಸ’ ಎಂದು ಬದಲಾಯಿಸಿ, ಮತ್ತೆ ಹಾಕಿದ. ಡೆಸ್ಕಿನ ಹಿರಿಯರಾದ ಶ್ರೀನಿವಾಸಮೂರ್ತಿಗಳು ಮಧ್ಯಾಹ್ನ ಅದನ್ನು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಭಾಳ ಚೆನ್ನಾಗಿ ಬರ್ದಿದೀಯ ಮಾರಾಯ" ಎಂದು ಫೋನು ಮಾಡಿ, ಪಾಸು ಮಾಡಿದರು.

ನಾಲ್ಕು ಗಂಟೆಗೆ ಯಶೋಧರಾ ಲೇಖನವನ್ನು ಪುಟಕ್ಕೆ ಎಳೆದಳು. ಎಳೆದರೆ ಏನು ನೋಡುವುದು! ಡೆಸ್ಕಿನ ಪರದೆಯಲ್ಲಿ ಸರಿಯಿದ್ದದ್ದು ಪುಟದ ಫಾಂಟಿಗೆ ಬಿದ್ದದ್ದೇ ಅರ್ಧಕ್ಕರ್ಧ ಒತ್ತಕ್ಷರ ಪುಡಿಪುಡಿ. ನೆಟ್ ಸೆಂಟರಿನ ಆ ಪಕ್ಕದ ಕಂಪ್ಯೂಟರಿನಲ್ಲಿ ಯಾವುದೋ ಓಬೀರಾಯನ ಕಾಲದ ಕನ್ನಡ ಫಾಂಟು ಇತ್ತೆಂದು ಕಾಣುತ್ತದೆ. "ಈ ನೆಟ್ ಸೆಂಟರಿನವರ ಮನೆ ಹಾಳಾಗ" ಎಂದು ಬೈದುಕೊಂಡಳು. ಇಂಥ ಹೊತ್ತಿಗೆ ಏನು ಮಾಡಬೇಕೆಂದು ಪುಟ ಕಟ್ಟುವವರಿಗೆಲ್ಲ ಗೊತ್ತು. ಅಕ್ಷರ ಒಡೆದಿದ್ದರೆ ‘ಹಿಂದಿನ ಆವೃತ್ತಿ’ ಎನ್ನುವ ಗುಂಡಿ ಒತ್ತಬೇಕು. ಹಳೆಯದಕ್ಕೂ ಹೊಸದಕ್ಕೂ ಸಾಮಾನ್ಯವಾಗಿ ಒಂದು ಅಲ್ಪವಿರಾಮದ ವ್ಯತ್ಯಾಸವಿರುತ್ತದೆ, ಅಷ್ಟೇ. ಕಂಪನಿಯವರು ಕಲಿಸಿದ್ದಲ್ಲ ಇದು, ಡೆಸ್ಕಿನವರು ತಾವೇ ಕಂಡುಕೊಂಡ ಉಪಾಯ. ಅವಳು ಒತ್ತಿದಳು. ಅಕ್ಷರಗಳು ಎಲ್ಲ ಸರಿಯಾಗಿ ನಿಂತವು. ಉದ್ದ ಸರಿಹೋಯಿತು, ಕೊನೆಯಲ್ಲಿ ‘ಹೆಸರು ಬದಲಿಸಲಾಗಿದೆ’ ಎನ್ನುವುದೂ ಇತ್ತು. ಪುಟ ಮುಗಿಸಿ ಐದೂ ಕಾಲರ ಬಸ್ಸು ಹಿಡಿದಳು.

ಮರುದಿನ ಬೆಳಿಗ್ಗೆ ಬಂಗಾರಪ್ಪ ಜಗುಲಿಯ ಮೇಲೆ ಕೂತು ಪೇಪರು ಬಿಚ್ಚಿದ್ದ. "ಲೇ ಇವಳೇ, ಬಾ ಇಲ್ಲಿ. ಇದು ನಮ್ಮ ಸ್ಕೂಲಿನ ಹುಲಿಗೆಮ್ಮ ಅಲ್ವೇನೆ?"

ಹಿಂದಿನ ಆವೃತ್ತಿಯಲ್ಲಿದ್ದದ್ದು ನಿಜವಾದ ಹೆಸರೆಂದು ಅವಳಿಗೆ ಪೇಪರು ನೋಡುವ ಮೊದಲೇ ಗೊತ್ತಾಗಿಹೋಯಿತು. ಒಳಗೆ ಹೋಗಿ ಒಲೆಯ ಮೇಲಿದ್ದ ಹಾಲು ಇಳಿಸಿದಳು, ಮತ್ತೆ ಇಟ್ಟಳು. ಜಡೆ ಹಾಕಿಸಿಕೊಳ್ಳಲು ಬಂದು ಕೂತ ಅಮೂಲ್ಯಳ ಗಲ್ಲ ಹಿಡಿದು, "ಅವಳು ನಿಂಗೆ ಕೈಯಲ್ಲಿ ತುತ್ತು ಗಿತ್ತು ಕೊಡ್ತಿದ್ಳೇನೇ?" ಎಂದು ಕೇಳಿಯೇಬಿಟ್ಟಳು. ಊಟದಿಂದ ಆ ಕಾಯಿಲೆ ಹರಡುವುದಿಲ್ಲ ಎಂಬ ಬಾಕ್ಸನ್ನು ಅದೇ ಪುಟದ ಬಲಮೂಲೆಯಲ್ಲಿ ತಾನೇ ಕೂರಿಸಿದ್ದಳು, ನೆತ್ತರಗೆಂಪು ಅಂಚು ಕೊಟ್ಟು. ಕೇಳಿದ ಮರುಗಳಿಗೆಯಲ್ಲೇ ತನ್ನ ಬಗ್ಗೆ ಅವಳಿಗೆ ಹೇಸಿಗೆಯಾಯಿತು. ಮಗು ಇಲ್ಲವೆಂದು ತಲೆಯಾಡಿಸಿತು.

ಆ ದಿನ ಆಫೀಸಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಬಿಚ್ಚುವುದು ಹೇಗೆ? ಶಿವಮೊಗ್ಗದವರಿಗೆ ಹುಲಿಗೆಮ್ಮ ಎನ್ನುವುದೂ ಒಂದು ಬದಲಿಸಿದ ಹೆಸರು, ಅಷ್ಟೇ. ಲೇಖನ ಚೆನ್ನಾಗಿದೆಯೆಂದು ಎರಡು ಫೋನು ಬಂದವು. ಯಶೋಧರಾ ಪುಟ ಕಟ್ಟುತ್ತ ಕೂತಳು.

ಸಂಜೆ ಮನೆಗೆ ಬಂದಾಗ ಬಂಗಾರಪ್ಪ ಶಾಲೆಯ ಕಥೆಯನ್ನೆಲ್ಲ ಹೇಳಿದ. ಮಧ್ಯಾಹ್ನ ನಲವತ್ತು ಐವತ್ತು ಜನ ತಾಯಂದಿರು ನುಗ್ಗಿದ್ದರಂತೆ. ಸಾರಿನ ಪಾತ್ರೆ ಮಗುಚಿಹಾಕಿದರಂತೆ. ಹುಲಿಗೆಮ್ಮ ಹೆದರಿ ಓಡುವವಳಲ್ಲ. ಅದೇ ಪೇಪರು ಹಿಡಿದುಕೊಂಡು ಹೆಡ್‌ಮೇಷ್ಟ್ರ ಮೇಜಿನ ಮುಂದೆ ನಿಂತು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಓದಿ ಸಾರ್, ಎಲ್ಲರಿಗೂ ಕೇಳೋ ಹಂಗೆ ಓದಿ" ಎಂದಳಂತೆ. ಮೇಷ್ಟ್ರು ಓದಿದರು: ಹೆಸರು ಬದಲಿಸಲಾಗಿದೆ.

"‘ಹೆಸರು ಬದ್ಲಾಯ್ಸಿದೀವಿ ಅಂತ ಅವ್ರೇ ಬರ್ದಿದಾರೆ. ಅಂದ್ರೆ ಆ ಹೆಂಗಸು ಹುಲಿಗೆಮ್ಮ ಅಲ್ಲ ತಾನೆ? ಯಾರೋ ಇನ್ನೊಬ್ಳು. ಅವ್ಳನ್ನ ಮುಚ್ಚಿಡೋಕೆ ನನ್ನ ಹೆಸರು, ನನ್ನ ಸ್ಕೂಲು ಸಿಕ್ತು, ಹಾಕ್ಕೊಂಡಿದಾರೆ. ನಾನೇ ಅವ್ರ ಮೇಲೆ ಕೇಸ್ ಹಾಕ್ತೀನಿ’ ಅಂತ ಕೂಗಾಡಿದ್ಳಂತೆ ಕಣೆ. ಎಲ್ಲಾ ಬಾಯಿ ಮುಚ್ಕೊಂಡ್ರಂತೆ!" ಬಂಗಾರಪ್ಪ ನಗುತ್ತಿದ್ದ. "ಅವಳು ಹೇಳೋದೂ ಸರಿ ಅಲ್ವಾ? ನಿಮ್ಮ ಪೇಪರ್‌ನವ್ರು ಯಾಕೆ ಹಂಗೆ ಮಾಡಿದ್ರು?"

"ನಂಗೇನು ಗೊತ್ತು? ನಾನು ಪುಟ ಕಟ್ಟೋಳು" ಎಂದಳು ಯಶೋಧರಾ.

ಆದರೆ ಆ ರಾತ್ರಿ ಅವಳಿಗೆ ಸ್ವಲ್ಪ ಊಟ ಸೇರಿತು. ತಾನು ಕೆಡಿಸಿದ್ದನ್ನು ಆ ಹೆಂಗಸು ಬರೀ ಬಾಯಿಯ ಬಲದಿಂದ ಎತ್ತಿ ನಿಲ್ಲಿಸಿದ್ದಳು. ಶನಿವಾರ ಶಾಲೆಯಲ್ಲಿ ಅವಳೇ ಅಡುಗೆ ಮಾಡಿದಳು; ಉಂಡದ್ದು ಬೆರಳೆಣಿಕೆಯ ಮಕ್ಕಳು. ಮೇಷ್ಟ್ರು ತಾವೇ ಮಕ್ಕಳ ಮುಂದೆ ತಟ್ಟೆ ಹಿಡಿದು ಕೂತರಂತೆ. ಸೋಮವಾರ ಬೆಳಿಗ್ಗೆ ಯಶೋಧರಾ ಮಗಳ ಚೀಲಕ್ಕೆ ತಟ್ಟೆ ಹಾಕಿ, "ಅಲ್ಲೇ ಉಣ್ಣು, ಏನೂ ಆಗಲ್ಲ" ಎಂದು ಒತ್ತಿ ಹೇಳಿ ಬಸ್ಸು ಹತ್ತಿದಳು. ಇನ್ನೊಂದು ವಾರ ಕಳೆದರೆ ಜನ ಬೇರೆ ಏನನ್ನೋ ಹಿಡಿದುಕೊಳ್ಳುತ್ತಾರೆ, ಇದು ಮರೆತುಹೋಗುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಆಫೀಸಿನಲ್ಲಿ ಷಡಕ್ಷರಪ್ಪನವರ ಮುಖ ಕೆಂಡವಾಗಿತ್ತು. ರೋಗಿಗಳ ಪರವಾಗಿ ಕೆಲಸ ಮಾಡುವ ಬೆಂಗಳೂರಿನ ಒಂದು ಸಂಸ್ಥೆಯವರು ಫೋನು ಮಾಡಿ, ನಿಜವಾದ ಹೆಸರು ಹಾಕಿದ್ದೀರಿ, ಕೋರ್ಟಿಗೆ ಎಳೆಯುತ್ತೇವೆ ಎಂದಿದ್ದರು. ಹುಲಿಗೆಮ್ಮಳಿಗೆ ಮಾತ್ರೆ ಕೊಡಿಸುತ್ತಿದ್ದವರು ಅವರೇ, ಅವರಿಗೆ ಅವಳ ಹೆಸರು ಗೊತ್ತಿತ್ತು. ಷಡಕ್ಷರಪ್ಪ ಜ್ಞಾನೇಶನನ್ನು ಕರೆಸಿದರು, ಶಿವಪ್ರಸಾದನನ್ನು ಭದ್ರಾವತಿಯಿಂದ ಕರೆಸಿದರು, ಶ್ರೀನಿವಾಸಮೂರ್ತಿಗಳನ್ನೂ ಯಶೋಧರಾಳನ್ನೂ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ಜ್ಞಾನೇಶ್ ಲಾಗಿನ ಪ್ರಿಂಟು ಮೇಜಿನ ಮೇಲಿಟ್ಟು ಗಟ್ಟಿಯಾಗಿ ಓದಿದ. ಐದೇ ಸಾಲು.

"ನವೆಂಬರ್ ಮೂವತ್ತು. ಹನ್ನೊಂದು ಇಪ್ಪತ್ತಕ್ಕೆ ಶಿವಪ್ರಸಾದ್, ಹೊಸ ಲೇಖನ. ಹನ್ನೆರಡೂವರೆಗೆ ಶಿವಪ್ರಸಾದ್, ಬದಲಾವಣೆ. ಎರಡೂ ಕಾಲಿಗೆ ಯಶೋಧರಾ, ಓದಿ ಪಾಸು. ನಾಲ್ಕು ಹತ್ತಕ್ಕೆ ಯಶೋಧರಾ, ಹಿಂದಿನ ಆವೃತ್ತಿ ವಾಪಸ್ ತಂದಿದ್ದು. ನಾಲ್ಕು ಮೂವತ್ತೈದಕ್ಕೆ ಯಶೋಧರಾ, ಪುಟಕ್ಕೆ." ಅವನು ತಲೆಯೆತ್ತಿದ. "ನಾಲ್ಕು ಹತ್ತಕ್ಕೆ ಹಳೇದು ಬಂದಿದೆ ಸಾರ್. ತಪ್ಪಾಗಿರೋದು ಅಲ್ಲೇ."

ಯಶೋಧರಾ ಗೋಡೆಗೆ ಒರಗಿದಳು. ಆಯಿತು, ಹೇಳಿಬಿಡುವುದು. ಅಕ್ಷರ ಒಡೆದಿತ್ತು ಸಾರ್, ಗುಂಡಿ ಒತ್ತಿದೆ, ಓದಲಿಲ್ಲ. ಇಷ್ಟೇ ಮಾತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಶ್ರೀನಿವಾಸಮೂರ್ತಿಗಳು ಕುರ್ಚಿಯಿಂದ ಎದ್ದರು.

"ಸ್ವಲ್ಪ ತಡೀರಿ ಸಾರ್. ಎರಡೂ ಕಾಲಿಗೆ ಓದಿ ಪಾಸ್ ಮಾಡಿದ್ದು ನಾನು. ಇವಳಲ್ಲ. ಇವಳು ಆಗ ಡಬ್ಬಿ ಬಿಚ್ಕೊಂಡು ಊಟಕ್ಕೆ ಕೂತಿದ್ಳು. ಲಾಗಲ್ಲಿ ಇವಳ ಹೆಸರಿದೆಯೋ ಇಲ್ವೋ ನೋಡಿ! ಹಂಗಂದ್ಮೇಲೆ ನಾಲ್ಕು ಹತ್ತಕ್ಕೆ ಇವಳೇ ಇದ್ಳು ಅಂತ ಯಾವ ಬಾಯಲ್ಲಿ ಹೇಳ್ತೀರಿ? ಆಫೀಸಿಗೆ ಆಫೀಸೇ ಇವಳ ಹೆಸರಲ್ಲಿ ಕೂತಿರುತ್ತೆ. ಹದಿಮೂರು ವರ್ಷದಲ್ಲಿ ಒಂದು ತಪ್ಪು ಮಾಡಿದ ಹುಡುಗಿ ಅಲ್ಲ ಇವಳು."

"ಹಾಗಾದ್ರೆ ಈ ಹಾಳೇಲಿ ನಂಬೋದು ಯಾವುದನ್ನಯ್ಯಾ?" ಎಂದು ಷಡಕ್ಷರಪ್ಪ ಜ್ಞಾನೇಶನನ್ನು ಗದರಿದರು.

ಜ್ಞಾನೇಶ್ ಕತ್ತು ಕೆರೆದುಕೊಂಡ. "ಡೆಸ್ಕಿಂದು ನಂಬೋಕಾಗಲ್ಲ ಸಾರ್. ಶಿವಪ್ರಸಾದ್ ಅವ್ರ ಲಾಗಿನ್ನು ಅವರೊಬ್ಬರೇ ಉಪಯೋಗ್ಸೋದು. ಅದನ್ನ ನಂಬಬಹುದು."

ಅಲ್ಲಿಗೆ ಆ ಹಾಳೆಯಲ್ಲಿ ನಿಜವಾಗಿಯೂ ನಿಜ ಹೇಳಿ ಸಿಕ್ಕಿಬಿದ್ದವನು ಒಬ್ಬನೇ. ಷಡಕ್ಷರಪ್ಪ ಮೊದಲ ಸಾಲಿನ ಮೇಲೆ ಪೆನ್ನಿನಿಂದ ಕುಟ್ಟಿದರು. "ನಿಜವಾದ ಹೆಸರು ಸಿಸ್ಟಮ್ಮೊಳಗೆ ತಂದು ಹಾಕಿದ್ದೇ ನೀನು. ಹಾಕದೇ ಇದ್ದಿದ್ರೆ ಯಾರು ಏನು ಒತ್ತಿದ್ರೂ ಬರ್ತಿತ್ತೇನೋ ಅದು?"

ಶಿವಪ್ರಸಾದ್‌ಗೆ ಮೂರು ದಿನದಿಂದ ನಿದ್ದೆಯಿಲ್ಲ, ಅದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ತನ್ನ ಪರವಾಗಿ ಅವನು ಹೆಚ್ಚು ವಾದಿಸಲೇ ಇಲ್ಲ. "ನಂದೇ ತಪ್ಪು ಅಂತ ಇಟ್ಕೊಳ್ಳಿ ಸಾರ್. ನಾನು ಹೆಸರು ಬರೀಲೇಬಾರದಿತ್ತು. ಕೆಲಸದಿಂದ ತೆಗೀರಿ, ಬೇಡ ಅನ್ನಲ್ಲ. ಆದ್ರೆ ಪೇಪರಲ್ಲಿ ಏನೂ ಹಾಕ್ಬೇಡಿ. ಅಲ್ಲಿ ಜನ ಅದು ಅವಳಲ್ಲ ಅಂತ ಅರ್ಧ ನಂಬಿದಾರೆ. ನಾವೀಗ ಸ್ಪಷ್ಟನೆ ಗಿಷ್ಟನೆ ಅಂತ ಹಾಕಿದ್ರೆ ಅವಳ ಕತ್ತು ನಾವೇ ಹಿಸುಕಿದಂಗೆ."

"ಲಾಯರ್ ಹೇಳಿದಾರೆ, ಹಾಕಲೇಬೇಕು. ವರದಿಗಾರನ ತಪ್ಪು, ಅವನನ್ನ ತೆಗೆದಿದೀವಿ ಅಂತ ಬಂದ್ರೆ ನಮ್ಮ ಡೆಸ್ಕಿನ ಮೇಲೆ ಬರಲ್ಲ. ಡೆಸ್ಕಿಂದೇ ತಪ್ಪು ಅಂತಿದ್ದಿದ್ರೆ ಮಾತು ಬೇರೆ, ಹಾಕಿದ್ರೆ ಪೇಪರೇ ತಪ್ಪು ಒಪ್ಕೊಂಡಂಗೆ, ಬಾಯಿ ಮುಚ್ಕೊಂಡು ಕೂರ್ಬೇಕಾಗ್ತಿತ್ತು" ಎಂದರು ಷಡಕ್ಷರಪ್ಪ.

ಯಶೋಧರಾಳಿಗೆ ಪ್ರತಿಯೊಂದು ಮಾತೂ ಕೇಳಿಸಿತು, ಅರ್ಥವೂ ಆಯಿತು. ನಾಲ್ಕು ಹತ್ತಕ್ಕೆ ಕೂತಿದ್ದವಳು ನಾನೇ ಎಂದು ಒಂದು ಮಾತು ಹೇಳಿದರೆ ಷಡಕ್ಷರಪ್ಪ ಆ ಸ್ಪಷ್ಟನೆಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ, ಹುಲಿಗೆಮ್ಮಳ ಸುಳ್ಳು ಉಳಿಯುತ್ತದೆ, ಅವಳ ಒಲೆ ಉರಿಯುತ್ತದೆ. ತನ್ನ ಕೆಲಸ ಹೋಗುತ್ತದೆ. ಬಂಗಾರಪ್ಪ ಜಗುಲಿಯ ಮೇಲೆ ಕೂತಿರುವುದು ನೆನಪಾಯಿತು, ಅಮೂಲ್ಯಳ ಹರಿದ ಚಪ್ಪಲಿ ನೆನಪಾಯಿತು. ಶ್ರೀನಿವಾಸಮೂರ್ತಿಗಳು ಅವಳ ಕಡೆ ನೋಡಿ, ಹೆದರಬೇಡ ಎನ್ನುವಂತೆ ಕಣ್ಣು ಮಿಟುಕಿಸಿದರು. ಅವಳು ಸುಮ್ಮನೆ ನಿಂತಳು.

ಶಿವಪ್ರಸಾದ್ ಹೊರಡುವಾಗ ಅವಳಿಗೆ "ಬರ್ತೀನಿ ಮೇಡಂ" ಎಂದು ಹೇಳಿಯೇ ಹೋದ.

ಮಧ್ಯಾಹ್ನದೊಳಗೆ ಜ್ಞಾನೇಶ್ ಎಲ್ಲರಿಗೂ ಬೇರೆ ಬೇರೆ ಲಾಗಿನ್ನು ಮಾಡಿಕೊಟ್ಟ. ಪಾಸ್‌ವರ್ಡು ಯಾರಿಗಾದರೂ ಹೇಳಿದರೆ ಸಂಬಳ ಕಟ್ಟು ಎಂದು ಷಡಕ್ಷರಪ್ಪ ಬೋರ್ಡಿಗೆ ಚೀಟಿ ಅಂಟಿಸಿದರು. ಯಶೋಧರಾಳ ಹೆಸರು ಈಗ ಯಶೋಧರಾಳೊಬ್ಬಳದೇ ಆಯಿತು. ಪರದೆಯ ಕೆಳಗೆ ಹಸಿರು ಬಣ್ಣದಲ್ಲಿ ಅದು ಕಾಣುತ್ತಲೇ ಇರುತ್ತಿತ್ತು.

ಐದು ಗಂಟೆಗೆ ಸ್ಪಷ್ಟನೆ ಅವಳ ಮುಂದೆ ಬಂತು. ಮೂರನೇ ಪುಟದ ಕೆಳಗೆ, ಕಪ್ಪು ಚೌಕಟ್ಟಿನೊಳಗೆ ಕೂರಿಸಬೇಕು. ಈ ಸಲ ಅವಳು ಓದಿದಳು. ‘ಡಿ. 1ರ ಪುರವಣಿಯ ಲೇಖನದಲ್ಲಿ ನಮ್ಮ ಭದ್ರಾವತಿ ವರದಿಗಾರರ ಅಚಾತುರ್ಯದಿಂದ ಮಹಿಳೆಯ ನಿಜವಾದ ಹೆಸರು ಹಾಗೂ ಕೆಲಸದ ಸ್ಥಳ ಪ್ರಕಟವಾಗಿದೆ. ಸದರಿ ವರದಿಗಾರರನ್ನು ಕೆಲಸದಿಂದ ತೆಗೆಯಲಾಗಿದೆ. ಪ್ರಮಾದಕ್ಕೆ ವಿಷಾದಿಸುತ್ತೇವೆ.’

ಷಡಕ್ಷರಪ್ಪ ಯಾವುದೋ ಮದುವೆಗೆ ಹೋಗಿದ್ದರು. ಶ್ರೀನಿವಾಸಮೂರ್ತಿಗಳು ಕೆಳಗೆ ಟೀ ಕುಡಿಯುತ್ತಿದ್ದರು. ಅವಳು ಮೊದಲ ವಾಕ್ಯವನ್ನು ಅಳಿಸಿದಳು. ಎರಡನೆಯದನ್ನೂ ಅಳಿಸಿದಳು. ‘ಡಿ. 1ರ ಪುರವಣಿಯ ಲೇಖನದಲ್ಲಿ ಕೆಲವು ದೋಷಗಳು ನುಸುಳಿವೆ, ವಿಷಾದಿಸುತ್ತೇವೆ’ ಎಂದು ಬರೆದಳು. ಇಷ್ಟೇ ಬಂದರೆ ಸಾಕು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬರೆದದ್ದನ್ನು ಸೇವ್ ಮಾಡಿದಳು. ಒಂದು ಕ್ಷಣ ಅವಳ ಉಸಿರು ಹಗುರಾಯಿತು.

ಆಮೇಲೆ ಪರದೆಯ ಕೆಳಗಿನ ಹಸಿರು ಹೆಸರು ಕಣ್ಣಿಗೆ ಬಿತ್ತು. ಸಂಪಾದಕರು ತಾವೇ ಬರೆದ ಸ್ಪಷ್ಟನೆಯನ್ನು ಐದೂ ಹತ್ತಕ್ಕೆ ಯಶೋಧರಾ ಬದಲಾಯಿಸಿದ್ದಾಳೆ ಎಂದು ಒಳಗೆಲ್ಲೋ ಬರೆದಾಗಿತ್ತು. ಹೋದ ವಾರವಾಗಿದ್ದರೆ ಅದು ಯಾರಾದರೂ ಆಗಬಹುದಿತ್ತು. ಈಗ ಇವಳೇ. ನಾಳೆ ಷಡಕ್ಷರಪ್ಪ ಪೇಪರು ಬಿಚ್ಚುತ್ತಾರೆ, ಲಾಗು ತೆಗೆಸುತ್ತಾರೆ, ಯಾಕೆ ಬದಲಾಯಿಸಿದೆ ಎಂದು ಕೇಳುತ್ತಾರೆ. ಅಲ್ಲಿಂದ ನಾಲ್ಕು ಹತ್ತಕ್ಕೆ ಬರಲು ಎಷ್ಟು ಹೊತ್ತು ಬೇಕು? ಅವಳು ‘ಹಿಂದಿನ ಆವೃತ್ತಿ’ ಎನ್ನುವ ಗುಂಡಿ ಒತ್ತಿದಳು. ಮೂರು ವಾಕ್ಯಗಳೂ ವಾಪಸು ಬಂದವು. ಅವನ್ನು ಚೌಕಟ್ಟಿನೊಳಗೆ ಕೂರಿಸಿ, ಪುಟ ಬಿಟ್ಟು, ಬಸ್ ಸ್ಟ್ಯಾಂಡಿಗೆ ನಡೆದಳು.

ಮಂಗಳವಾರ ಶಾಲೆಯಲ್ಲಿ ನಡೆದದ್ದನ್ನು ಬಂಗಾರಪ್ಪ ಈ ಸಲ ನಗುತ್ತ ಹೇಳಲಿಲ್ಲ. ಯಾರೋ ಸ್ಪಷ್ಟನೆಯನ್ನು ಕತ್ತರಿಸಿ ಶಾಲೆಯ ಗೇಟಿಗೆ ಅಂಟಿಸಿದ್ದರಂತೆ. ಹೆಡ್‌ಮೇಷ್ಟ್ರು ಹುಲಿಗೆಮ್ಮಳನ್ನು ಕರೆದು, "ನನ್ನ ಕೈಲಿ ಇನ್ನೇನೂ ಇಲ್ಲಮ್ಮ" ಎಂದು ಕಳಿಸಿದರಂತೆ. ಅವಳು ಮುಟ್ಟಿದ ಪಾತ್ರೆಗಳನ್ನು ಗುಜರಿಗೆ ಹಾಕಿದರಂತೆ. ಮನೆಯ ಮಾಲೀಕ ಭಾನುವಾರದೊಳಗೆ ಖಾಲಿ ಮಾಡು ಎಂದನಂತೆ. ಅವಳ ಮಗಳನ್ನು ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಒಂಟಿಯಾಗಿ ಕೂರಿಸಿದರಂತೆ, ಅಮೂಲ್ಯಳೇ ಬಂದು ಹೇಳಿದ್ದು.

ಗುರುವಾರ ಯಶೋಧರಾಳಿಗೆ ತಡೆಯಲಾಗಲಿಲ್ಲ. ಶ್ರೀನಿವಾಸಮೂರ್ತಿಗಳು ಒಬ್ಬರೇ ಇದ್ದಾಗ ಹೋಗಿ, "ಸಾರ್, ಅವತ್ತು ನಾಲ್ಕು ಹತ್ತಕ್ಕೆ ಕೂತಿದ್ದೋಳು ನಾನೇ" ಎಂದಳು.

ಅವರು ತಲೆಯೆತ್ತಲಿಲ್ಲ. "ಸುಮ್ನಿರು ಮಾರಾಯ್ತಿ. ಮುಗಿದುಹೋದ ಕಥೆ. ಅವನು ಗಂಡಸು, ಇನ್ನೊಂದು ಪೇಪರ್ ಸಿಗುತ್ತೆ. ನಿಂಗೆ ಸಿಗುತ್ತಾ?" ಮುಂದಿನ ಹಾಳೆ ಮಗುಚುತ್ತ, "ನಂಗೆ ಅವತ್ತೇ ಗೊತ್ತಿತ್ತು" ಎಂದರು.

ಭಾನುವಾರ ಅವಳು ಹುಲಿಗೆಮ್ಮಳ ಮನೆ ಹುಡುಕಿಕೊಂಡು ಹೋದಳು. ಕಾಲು ಹಿಡಿದುಬಿಡುವುದು, ಬೈದರೆ ಬೈಸಿಕೊಳ್ಳುವುದು, ಹೊಡೆದರೆ ಹೊಡೆಸಿಕೊಳ್ಳುವುದು ಎಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದಳು. ಬಾಗಿಲಲ್ಲಿ ಗೂಡ್ಸ್ ಆಟೋ ನಿಂತಿತ್ತು. ಹಾಸಿಗೆ, ಒಂದು ಟ್ರಂಕು, ಗ್ಯಾಸ್ ಒಲೆ. ಹೊಳೆಹೊನ್ನೂರಿನ ಹತ್ತಿರ ಅಕ್ಕನ ಮನೆಗೆ ಹೋಗುತ್ತಾಳಂತೆ, ಅಕ್ಕ ಸೇರಿಸಿಕೊಂಡರೆ. ಓಣಿಯ ಒಂದು ಕೈಯೂ ಸಾಮಾನು ಎತ್ತಲು ಬಂದಿರಲಿಲ್ಲ. ಯಶೋಧರಾ ಟ್ರಂಕಿನ ಇನ್ನೊಂದು ಕಡೆ ಹಿಡಿದು ಎತ್ತಿಸಿದಳು.

"ನೀವು ಅಮೂಲ್ಯನ ಅಮ್ಮ ಅಲ್ವಾ?" ಎಂದಳು ಹುಲಿಗೆಮ್ಮ. "ಸೋಮವಾರ ಎರಡು ಸಲ ಸಾರು ಹಾಕಿಸ್ಕೊಂಡ್ಲು ನಿಮ್ಮ ಮಗಳು. ನೀವು ಮುಟ್ಬೇಡಿ ಅಕ್ಕ, ನೋಡಿದವ್ರು ನಿಮಗೂ ಏನಾದ್ರೂ ಅಂತಾರೆ."

"ಹುಲಿಗೆಮ್ಮಾ, ನಾನು ಆ ಪೇಪರ್ ಆಫೀಸಲ್ಲೇ ಕೆಲಸ ಮಾಡೋದು" ಎಂದಳು ಯಶೋಧರಾ. "ನಿಮ್ಮ ಹೆಸರು ಬಿದ್ದಿದ್ದು ಶಿವಪ್ರಸಾದ್ ಇಂದ ಅಲ್ಲ. ಅವ್ರು ಬದಲಾಯ್ಸಿದ್ರು. ನಾನು ಅಕ್ಷರ ಒಡೆದಿದೆ ಅಂತ ಹಳೇದನ್ನ ತಗೊಂಡು ಹಾಕ್ಬಿಟ್ಟೆ. ಓದ್ಲಿಲ್ಲ. ನನ್ನಿಂದ ಆಯ್ತು ಎಲ್ಲಾ."

ಹುಲಿಗೆಮ್ಮ ಹೊಸ್ತಿಲ ಮೇಲೆ ಕೂತಳು.

"ಬೇಕಂತ ಮಾಡಿದ್ದಲ್ಲ ತಾನೆ?"

"ಇಲ್ಲ. ದೇವರಾಣೆಗೂ ಇಲ್ಲ."

"ಹಂಗಾದ್ರೆ ಹೋಗ್ಲಿ ಬಿಡಿ ಅಕ್ಕ. ಕೈ ತಪ್ಪು ಯಾರಿಗಾಗಲ್ಲ? ನಾನೂ ಇನ್ನೂರು ಮಕ್ಕಳ ಸಾರಿಗೆ ಎರಡು ಸಲ ಉಪ್ಪು ಹಾಕಿದೀನಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅದನ್ನ ನಾನು ಹೆಂಗೋ ತಡ್ಕೊಂಡಿದ್ದೆ. ನಾಲ್ಕು ದಿನ ಸುಳ್ಳು ಹೇಳಿ ಹೇಳಿ ನಂಗೇ ಅದು ನಿಜ ಅನ್ನಿಸೋಕೆ ಶುರುವಾಗಿತ್ತು. ಸೋಮವಾರ ಅರ್ಧ ಸ್ಕೂಲು ಉಂಡಿತ್ತು. ಆಮೇಲೆ ಎರಡನೇದು ಬಂತಲ್ಲ, ಕರೀ ಗೆರೆ ಒಳಗೆ. ನನ್ನ ತೆಗೆದಿದ್ದು ಅದು. ಅದನ್ನ ಹಾಕಿದ್ದು ಯಾರಕ್ಕ? ಗೊತ್ತಿದ್ದೂ ಗೊತ್ತಿದ್ದೂ ಹಾಕಿರ್ಬೇಕಲ್ಲ ಆ ಪುಣ್ಯಾತ್ಮರು. ಯಾರದು?"

ಯಶೋಧರಾ ಅವಳ ಮುಖವನ್ನೇ ನೋಡುತ್ತಿದ್ದಳು. ಆಟೋದವನು ಹಾರ್ನು ಹೊಡೆದ.

"ಗೊತ್ತಿಲ್ಲ ಕಣಮ್ಮ" ಎಂದಳು.

ಹುಲಿಗೆಮ್ಮ ನಂಬಿದಳು. ಎದ್ದು ನಿಂತು, ಎರಡೂ ಕೈಯಿಂದ ಯಶೋಧರಾಳ ಕೈ ಹಿಡಿದುಕೊಂಡು, "ನೀವಾದ್ರೂ ಬಂದು ನಿಜ ಹೇಳಿದ್ರಲ್ಲ ಅಕ್ಕ, ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದು ಹೇಳಿ ಆಟೋ ಹತ್ತಿದಳು.